ಪೈನ್ ಮರವೇರಿದ ಕ್ರೌಂಚ: ಜಪಾನಿನ ಮಡಿಕೆ ತೆರೆಗಳಲ್ಲಿ ಹಕ್ಕಿಯ ಅರ್ಥ

ಕೆಂಪು ನೆತ್ತಿಯ ಕ್ರೌಂಚ ಮರದ ಮೇಲೆ ಕೂರುವ ಹಕ್ಕಿಯಲ್ಲ. ಕೊಂಬೆಯನ್ನು ಹಿಡಿದುಕೊಳ್ಳಲು ಬೇಕಾದ ಹಿಂಬೆರಳು ಅದಕ್ಕೆ ತೀರ ಚಿಕ್ಕದು. ಕಾಲಿನಲ್ಲಿ ಕೊಂಚ ಮೇಲಕ್ಕೆ ಮೂಡಿರುವ ಆ ಬೆರಳು ಹಿಡಿತಕ್ಕೆ ಒದಗುವುದಿಲ್ಲ. ಜೌಗುನೆಲದ ಜೊಂಡಿನ ನಡುವೆ, ನೆಲದ ಮಟ್ಟದಲ್ಲೇ ಅದು ಗೂಡು ಮಾಡುತ್ತದೆ. ಆದರೂ ಜಪಾನಿನ ಚಿತ್ರಕಾರರು ಶತಮಾನಗಳ ಕಾಲ ಅದನ್ನು ಪೈನ್ ಮರಕ್ಕೆ ಹತ್ತಿಸಿದರು, ಅಲ್ಲಿಯೇ ಗೂಡು ಕಟ್ಟಿಸಿದರು, ಮರಿಗಳಿಗೆ ಉಣಿಸುವಂತೆಯೂ ಬರೆದರು. ಪೈನ್ ಮರದ ತುದಿಯಲ್ಲಿ ನಿಜಕ್ಕೂ ಗೂಡು ಕಟ್ಟುವುದು ಕೊಕ್ಕರೆ ಜಾತಿಯ ಇನ್ನೊಂದು ಹಕ್ಕಿ. ಬಿಳಿ ಮೈ, ಕಪ್ಪು ರೆಕ್ಕೆಯಂಚು, ಉದ್ದ ಕಾಲು ಎರಡಕ್ಕೂ ಇರುವುದರಿಂದ ದೂರದಿಂದ ನೋಡಿದವರಿಗೆ ಗೊಂದಲವಾದದ್ದು ಸಹಜ. ಆ ಗೊಂದಲವೇ ಈ ಚಿತ್ರದ ಮೂಲವಾಗಿದ್ದರೂ ಇರಬಹುದು. ಆದರೆ ಒಂದು ತಪ್ಪು ಇಷ್ಟು ದೀರ್ಘಕಾಲ, ಇಷ್ಟೊಂದು ಕೈಗಳಲ್ಲಿ, ಇಷ್ಟು ದುಬಾರಿ ಚಿತ್ರಗಳಲ್ಲಿ ತಿದ್ದುಪಡಿಯಿಲ್ಲದೆ ಉಳಿದುಬಂದರೆ ಅದನ್ನು ತಪ್ಪೆಂದು ತಳ್ಳಿಹಾಕುವಂತಿಲ್ಲ. ಅದು ಯಾರಿಗೋ ಬೇಕಾಗಿತ್ತು.

ಚಿತ್ರಕಾರರಿಗೆ ಹಕ್ಕಿಗಳ ಪರಿಚಯವಿರಲಿಲ್ಲ ಎಂದು ಹೇಳಲು ಬರುವುದಿಲ್ಲ. 17ನೆಯ ಶತಮಾನದಲ್ಲಿ ಷೋಗನ್ ಎಂಬ ಸೇನಾಪ್ರಭುವಿನ ಸರ್ಕಾರದ ಆಸ್ಥಾನ ಕಲಾವಿದನಾಗಿದ್ದ ಕಾನೊ ತಾನ್ಯು ಹಕ್ಕಿಗಳನ್ನು ಎದುರಿಗಿಟ್ಟುಕೊಂಡು ಗರಿಗರಿಯನ್ನೂ ಗಮನಿಸಿ ರೇಖಾಚಿತ್ರ ಬರೆದವನು. ಮುಂದಿನ ಪೀಳಿಗೆಯ ಒಗಾತಾ ಕೋರಿನ್ (1658–1716) ಅಂಥ ರೇಖಾಚಿತ್ರಗಳನ್ನು ನಕಲು ಮಾಡಿಯೇ ಕೈ ಪಳಗಿಸಿಕೊಂಡ. ಅದೇ ಕೋರಿನ್ ತೆರೆಗೆ ಕ್ರೌಂಚಗಳನ್ನು ಬರೆಯುವಾಗ ಆ ತಿಳಿವಳಿಕೆಯನ್ನೆಲ್ಲ ಬದಿಗಿಟ್ಟು ಹಕ್ಕಿಯನ್ನು ಕೆಲವೇ ಬಾಗುಗೆರೆಗಳಿಗೆ ಇಳಿಸಿದ. ಅಂದರೆ ತೆರೆಯ ಮೇಲಿನ ಹಕ್ಕಿಗೆ ಪ್ರಕೃತಿಯ ಹಕ್ಕಿಗಿಲ್ಲದ ಕೆಲಸವೊಂದಿತ್ತು. ಆ ಕೆಲಸ ಯಾವುದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಪಟ್ಟಿ: ಕ್ರೌಂಚ ಅಂದರೆ ದೀರ್ಘಾಯುಷ್ಯ, ಮ್ಯಾಂಡರಿನ್ ಬಾತು ಅಂದರೆ ದಾಂಪತ್ಯ, ಗಿಡುಗ ಅಂದರೆ ಶೌರ್ಯ, ಹೆಬ್ಬಾತು ಅಂದರೆ ಶರತ್ಕಾಲ. ಈ ಪಟ್ಟಿ ಸುಳ್ಳಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದು ತೆರೆಯ ಮುಂದೆ ನಿಂತರೆ ನಾಲ್ಕು ಹೆಜ್ಜೆಗೆ ಒಮ್ಮೆ ಎಡವುತ್ತೇವೆ. ಹಕ್ಕಿಯೊಂದಕ್ಕೆ ತನ್ನಷ್ಟಕ್ಕೆ ಸ್ಥಿರವಾದ ಅರ್ಥವಿಲ್ಲ. ಅದರ ಪಕ್ಕದ ಗಿಡ, ಅದು ನಿಂತ ಮಡಿಕೆ, ಆ ತೆರೆಯನ್ನು ಮನೆಯಲ್ಲಿ ಬಿಚ್ಚಿಟ್ಟ ಸಂದರ್ಭ, ಈ ಮೂರೂ ಸೇರಿ ಅರ್ಥವನ್ನು ನಿರ್ಧರಿಸುತ್ತವೆ. ಬಹುಪಾಲು ಸಲ ಆ ಅರ್ಥ ಕಾಲಕ್ಕೆ ಸಂಬಂಧಿಸಿದ್ದು: ಒಂದೋ ಕಾಲ ಉರುಳುತ್ತಿದೆ ಎನ್ನುವುದು, ಇಲ್ಲವೇ ಅದು ನಿಲ್ಲಲಿ ಎನ್ನುವುದು.

ಗಾಳಿಗೆ ಅಡ್ಡವಾಗಿ ನಿಂತ ಚಿತ್ರ

ಮೊದಲು ತೆರೆಯ ರಚನೆಯನ್ನು ತಿಳಿಯಬೇಕು. ಜಪಾನಿಗರು ಬ್ಯೋಬು ಎಂದು ಕರೆಯುವ ಈ ಮಡಿಕೆ ತೆರೆ ಮೂಲತಃ ಗೃಹೋಪಯೋಗಿ ವಸ್ತು. ಗೋಡೆಗಳು ಕಡಿಮೆಯಿದ್ದ ಮರದ ಮನೆಗಳಲ್ಲಿ ಅದು ಗಾಳಿಯನ್ನು ತಡೆಯುತ್ತಿತ್ತು, ಜಾಗವನ್ನು ವಿಭಾಗಿಸುತ್ತಿತ್ತು, ಗಣ್ಯರು ಕುಳಿತಾಗ ಅವರ ಬೆನ್ನಿಗೆ ಶೋಭೆಯಾಗುತ್ತಿತ್ತು. ಚೀನಾದಲ್ಲಿ ಹುಟ್ಟಿ ಕೊರಿಯಾ ಮಾರ್ಗವಾಗಿ ಬಂದ ವಸ್ತು ಇದು. ಕೊರಿಯಾದ ಸಿಲ್ಲಾ ರಾಜ್ಯ 686ರಲ್ಲಿ ಕಳಿಸಿದ ಕಾಣಿಕೆಗಳಲ್ಲಿ ಮಡಿಕೆ ತೆರೆಗಳೂ ಇದ್ದವೆಂದು ‘ನಿಹೊನ್ ಶೊಕಿ’ ಎಂಬ ಹಳೆಯ ಚರಿತ್ರೆ ದಾಖಲಿಸಿದೆ. ನಾರಾ ನಗರದ ಶೋಸೋಇನ್ ಭಂಡಾರದಲ್ಲಿ 8ನೆಯ ಶತಮಾನದ ಆರು ಫಲಕಗಳು ಉಳಿದಿವೆ. ಒಂದೊಂದರಲ್ಲೂ ಮರದಡಿಯಲ್ಲಿ ಒಬ್ಬ ಹೆಂಗಸು, ಚೀನಾದ ತಾಂಗ್ ಆಸ್ಥಾನದ ಉಡುಗೆ, ತುಂಬುಗೆನ್ನೆ. ಈ ಚಿತ್ರಗಳಿಗೆ ಒಂದು ಕಾಲಕ್ಕೆ ನಿಜವಾದ ಹಕ್ಕಿಯ ಗರಿಗಳನ್ನು ಅಂಟಿಸಲಾಗಿತ್ತು. ಉಳಿದಿರುವ ಚೂರುಗಳನ್ನು ಪರೀಕ್ಷಿಸಿದಾಗ ಅವು ಯಾಮಾದೊರಿಯ ಗರಿಗಳೆಂದು ತಿಳಿಯಿತು. ಫೆಸೆಂಟ್ ಜಾತಿಯ ಈ ಹಕ್ಕಿ ಜಪಾನಿನಲ್ಲಲ್ಲದೆ ಬೇರೆಲ್ಲೂ ಇಲ್ಲ. ಹಾಗಾಗಿ ನೋಡಲು ಸಂಪೂರ್ಣ ಚೀನೀಯವಾದ ಈ ಚಿತ್ರಗಳು ಜಪಾನಿನಲ್ಲೇ ತಯಾರಾದವೆಂದು ಖಚಿತವಾಯಿತು.

ಮೊದಮೊದಲು ಪ್ರತಿ ಫಲಕಕ್ಕೂ ಸುತ್ತ ರೇಷ್ಮೆಯ ಅಂಚು ಕಟ್ಟಿ, ಪಕ್ಕದ ಫಲಕಕ್ಕೆ ದಾರ ಅಥವಾ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಆರು ಫಲಕವೆಂದರೆ ಆರು ಬಿಡಿ ಚಿತ್ರ. 14ನೆಯ ಶತಮಾನದ ಹೊತ್ತಿಗೆ ಗಟ್ಟಿ ಕಾಗದದ ಕೀಲುಗಳು ಬಳಕೆಗೆ ಬಂದವು. ನಡುವಿನ ಅಂಚುಗಳು ಮಾಯವಾಗಿ ಫಲಕಗಳು ಒಂದಕ್ಕೊಂದು ಕೂಡಿಕೊಂಡವು. ಆಗ ಮಾತ್ರ ಆರು ಮಡಿಕೆಗಳ ಉದ್ದಕ್ಕೂ ಒಂದೇ ಹೊಳೆ ಹರಿಯುವುದು, ಒಂದೇ ಹಿಂಡು ಹಾರುವುದು ಸಾಧ್ಯವಾಯಿತು. ಆರು ಫಲಕದ ಎರಡು ತೆರೆಗಳನ್ನು ಜೋಡಿಯಾಗಿ ಮಾಡುವುದು ರೂಢಿಯಾಯಿತು. ಒಂದೊಂದು ತೆರೆ ಒಂದೂವರೆ ಮೀಟರ್‌ಗೂ ಎತ್ತರ, ಮೂರು ಮೀಟರ್‌ಗೂ ಉದ್ದ. ಜಪಾನಿ ಬರಹದಂತೆಯೇ ಇವನ್ನೂ ಬಲದಿಂದ ಎಡಕ್ಕೆ ಓದಬೇಕು. ತೆರೆ ನೇರವಾಗಿ ನಿಲ್ಲುವುದಿಲ್ಲ, ಹಿಂದೆಮುಂದೆ ಬಾಗಿ ಅಂಕುಡೊಂಕಾಗಿ ನಿಲ್ಲುತ್ತದೆ. ಹೀಗಾಗಿ ಒಳಮಡಿಕೆಗೆ ಸರಿದ ಹಕ್ಕಿ ಒಂದು ಕಡೆಯಿಂದ ನೋಡಿದರೆ ಮರೆಯಾಗುತ್ತದೆ, ಎರಡು ಹೆಜ್ಜೆ ಸರಿದರೆ ಎದುರಾಗುತ್ತದೆ. ಚಾಪೆಯ ಮೇಲೆ ಕುಳಿತವನ ಕಣ್ಣಿನ ಮಟ್ಟಕ್ಕೆ ಕೆರೆಯಂಚಿನ ಬಾತು, ತಲೆಯೆತ್ತಿದರೆ ಹಾರುವ ಹೆಬ್ಬಾತು. ನೋಡಲು ಸಮಯ ಬೇಡುವ ಈ ರಚನೆ ಕಾಲವನ್ನೇ ವಸ್ತುವಾಗಿಸಿಕೊಂಡದ್ದು ಆಕಸ್ಮಿಕವಲ್ಲ.

ತಿಂಗಳಿಗೊಂದು ಹಕ್ಕಿ

ಹಕ್ಕಿಗಳ ತೆರೆಗಳಲ್ಲಿ ಅತಿ ಹೆಚ್ಚು ಬಳಕೆಯಾದ ವಿಷಯ ‘ನಾಲ್ಕು ಋತುಗಳ ಹೂಹಕ್ಕಿ’. ಬಲಗಡೆಯ ತೆರೆಯಲ್ಲಿ ವಸಂತ ಮತ್ತು ಬೇಸಿಗೆ, ಎಡಗಡೆಯದರಲ್ಲಿ ಶರತ್ತು ಮತ್ತು ಚಳಿಗಾಲ. 15ನೆಯ ಶತಮಾನದ ಸೆಶ್ಶು, 16ನೆಯ ಶತಮಾನದ ಕಾನೊ ಮೊತೊನೊಬು ಇಬ್ಬರೂ ಈ ಕ್ರಮದಲ್ಲಿ ಬರೆದಿದ್ದಾರೆ. ಬಲ ತುದಿಯಲ್ಲಿ ಪ್ಲಮ್ ಹೂವಿನ ಬಳಿ ಹಾಡುವ ಪುಟ್ಟ ಹಕ್ಕಿಯಿಂದ ಆರಂಭಿಸಿದ ಕಣ್ಣು ಎಡ ತುದಿಯ ಹಿಮ ಹೊತ್ತ ಕೊಂಬೆ, ಬೆಳ್ಳಕ್ಕಿ, ನೀರುಹಕ್ಕಿಗಳಿಗೆ ಬರುವಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ. ಇಲ್ಲಿ ಹಕ್ಕಿಗಳು ಪಂಚಾಂಗದ ಕೆಲಸ ಮಾಡುತ್ತವೆ. ಮಾವಿನ ಚಿಗುರಿನ ಜೊತೆ ಕೋಗಿಲೆಯನ್ನು ಕಂಡೊಡನೆ ಕನ್ನಡದ ಓದುಗ ಯಾರ ವಿವರಣೆಯನ್ನೂ ಕಾಯದೆ ವಸಂತ ಎಂದುಕೊಳ್ಳುವ ಹಾಗೆ, ಜಪಾನಿನ ನೋಡುಗ ಪ್ಲಮ್ ಹೂವಿನ ಪಕ್ಕದ ಉಲಿಯಕ್ಕಿಯನ್ನು ಕಂಡು ಚಳಿ ಮುಗಿಯಿತು ಎಂದುಕೊಳ್ಳುತ್ತಿದ್ದ. ಹೂವಿಲ್ಲದೆ ಆ ಹಕ್ಕಿ ಬರೀ ಒಂದು ಹಕ್ಕಿ.

ಈ ಜೋಡಿಗಳನ್ನು ಚಿತ್ರಕಾರರು ತಮ್ಮಷ್ಟಕ್ಕೆ ಕಟ್ಟಿದ್ದಲ್ಲ. ಅವು ಕಾವ್ಯದಿಂದ ಬಂದವು. ಫುಜಿವಾರಾ ನೊ ತೈಕಾ ಎಂಬ ಆಸ್ಥಾನ ಕವಿ 1214ರಲ್ಲಿ ಹನ್ನೆರಡು ತಿಂಗಳ ಹೂಗಳಿಗೂ ಹನ್ನೆರಡು ತಿಂಗಳ ಹಕ್ಕಿಗಳಿಗೂ ಪದ್ಯಗಳನ್ನು ರಚಿಸಿದ. ಮೊದಲ ತಿಂಗಳಿಗೆ ವಿಲೋ ಮರ ಮತ್ತು ಉಲಿಯಕ್ಕಿ, ಎರಡನೆಯದಕ್ಕೆ ಚೆರ್ರಿ ಹೂ ಮತ್ತು ಫೆಸೆಂಟ್, ಎಂಟನೆಯದಕ್ಕೆ ಹಾಗಿ ಹೂ ಮತ್ತು ಮೊದಲು ಬಂದಿಳಿದ ಹೆಬ್ಬಾತು, ಒಂಬತ್ತನೆಯದಕ್ಕೆ ಸುಸುಕಿ ಹುಲ್ಲು ಮತ್ತು ಲಾವಕ್ಕಿ, ಹತ್ತನೆಯದಕ್ಕೆ ಉಳಿದ ಸೇವಂತಿಗೆ ಮತ್ತು ಕ್ರೌಂಚ. ಈ ಕ್ರಮ ಮುಂದೆ ತೆರೆಗಳಿಗೆ ಇಳಿಯಿತು, ಕೋರಿನ್‌ನ ತಮ್ಮ ಕೆಂಜಾನ್ ಮಾಡಿದ ಸುಟ್ಟ ಮಣ್ಣಿನ ತಟ್ಟೆಗಳ ಮೇಲೂ ಬಂತು. ಜೋಡಿ ತೆರೆಗೆ ಒಟ್ಟು ಹನ್ನೆರಡು ಫಲಕ, ವರ್ಷಕ್ಕೆ ಹನ್ನೆರಡು ತಿಂಗಳು. ಲೆಕ್ಕ ತಾನಾಗಿಯೇ ಹೊಂದಿಕೊಂಡಿತು. ತೈಕಾನ ಸಾಲಿನಲ್ಲಿ ಕ್ರೌಂಚ ಆಯುಷ್ಯದ ಹಕ್ಕಿಯಾಗಿ ಬಂದಿಲ್ಲ, ಚಳಿ ಕಾಲಿಡುವ ತಿಂಗಳಿನ ಹಕ್ಕಿಯಾಗಿ ಬಂದಿದೆ ಎನ್ನುವುದನ್ನು ನೆನಪಿಟ್ಟುಕೊಳ್ಳಬೇಕು.

ಹೆಬ್ಬಾತಿನ ಉದಾಹರಣೆ ಇನ್ನೂ ಸ್ಪಷ್ಟ. ಸೈಬೀರಿಯಾದ ಕಡೆಯಿಂದ ಶರತ್ಕಾಲದಲ್ಲಿ ಜಪಾನಿಗೆ ಬರುವ ಈ ಹಕ್ಕಿಗಳು ವಸಂತದಲ್ಲಿ ಮರಳುತ್ತವೆ. ಜೊಂಡು, ಚಂದ್ರ, ಮಂಜುಗಳ ನಡುವೆ ಅದು ಇಳಿಯುತ್ತಿದ್ದರೆ ಆಗಮನ, ಜೊತೆಗೊಂದು ಒಂಟಿತನ. ಅದೇ ಹಕ್ಕಿ ಅರಳುವ ಚೆರ್ರಿಯ ಮೇಲಿಂದ ದೂರ ಹಾರಿದರೆ ಅಗಲಿಕೆ: ಹೂವಿನ ಸುಗ್ಗಿಗೂ ಬೆನ್ನು ತಿರುಗಿಸಿ ಹೊರಟ ಹಕ್ಕಿ ಎಂದು ಕವಿಗಳು ಅದನ್ನು ಕುರಿತು ಕೊರಗಿದ್ದಾರೆ. ಚೀನಾದ ಸೂ ವೂ ಎಂಬ ರಾಯಭಾರಿ ಶತ್ರುಗಳ ಸೆರೆಯಲ್ಲಿದ್ದಾಗ ಹೆಬ್ಬಾತಿನ ಕಾಲಿಗೆ ಪತ್ರ ಕಟ್ಟಿ ಕಳಿಸಿದನೆಂಬ ಕತೆಯಿಂದ ಅದು ಸಂದೇಶವಾಹಕವೂ ಹೌದು. ಝೆನ್ ಮಠಗಳ ಸುತ್ತ ಬೆಳೆದ ಶಾಯಿಚಿತ್ರಗಳಲ್ಲಿ ಅದನ್ನು ಹಾರುವ, ಕೂಗುವ, ಮೇಯುವ, ಮಲಗುವ ನಾಲ್ಕು ಭಂಗಿಗಳಲ್ಲಿ ಬರೆಯುವ ಕಟ್ಟಳೆಯೇ ಇತ್ತು. ಒಂದೇ ಹಕ್ಕಿಗೆ ಇಷ್ಟೊಂದು ಅರ್ಥಗಳಿದ್ದರೂ ನೋಡುಗ ದಾರಿ ತಪ್ಪುತ್ತಿರಲಿಲ್ಲ, ಏಕೆಂದರೆ ಯಾವ ಅರ್ಥ ಬೇಕೆಂಬುದನ್ನು ಪಕ್ಕದ ಗಿಡ ಹೇಳುತ್ತಿತ್ತು. ಲಾವಕ್ಕಿಯೂ ಹೀಗೆಯೇ. ನವಣೆಯ ತೆನೆ, ಶರತ್ಕಾಲದ ಹುಲ್ಲುಗಳ ನಡುವೆ ಅದನ್ನು ಬರೆಯುವುದು ತೋಸಾ ಮನೆತನದ ಚಿತ್ರಕಾರರ ಹೆಗ್ಗಳಿಕೆಯಾಗಿತ್ತು. ‘ಇಸೆಯ ಕತೆಗಳು’ ಎಂಬ ಹಳೆಯ ಕೃತಿಯಲ್ಲಿ, ಬಿಟ್ಟುಹೋಗಲು ಹೊರಟ ಪ್ರಿಯನಿಗೆ ಹೆಣ್ಣೊಬ್ಬಳು ತಾನು ಲಾವಕ್ಕಿಯಾಗಿ ಕೂಗುತ್ತಿರುತ್ತೇನೆ ಎನ್ನುತ್ತಾಳೆ. ಆ ಕತೆ ಬಲ್ಲವನಿಗೆ ಹುಲ್ಲಿನೊಳಗಿನ ಲಾವಕ್ಕಿ ಪಾಳುಬಿದ್ದ ಮನೆಯ ನೆನಪು. ಅದೇ ಹಕ್ಕಿಯನ್ನು ಸಮುರಾಯ್‌ಗಳು ಪಂಜರದಲ್ಲಿ ಸಾಕಿ ಕೂಗಿನ ಪಂದ್ಯ ಕಟ್ಟುತ್ತಿದ್ದರು. ಆ ಲಾವಕ್ಕಿಗೆ ವಿರಹದ ಸೋಂಕೂ ಇಲ್ಲ.

ಒಂದೇ ಕ್ರೌಂಚ, ಹಲವು ಕೆಲಸ

ಕ್ರೌಂಚದ ವಿಷಯಕ್ಕೆ ಬಂದರೆ ಪಟ್ಟಿಯ ಸೋಲು ಪೂರ್ತಿ ಬಯಲಾಗುತ್ತದೆ. ಕ್ರೌಂಚಕ್ಕೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ ಎಂಬುದು ಜಪಾನಿನಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಚೀನಾದ ದಾವ್ ಪಂಥದ ಅಮರರು ಕ್ರೌಂಚವೇರಿ ಸಂಚರಿಸುತ್ತಾರೆಂಬ ನಂಬಿಕೆ ಇದರ ಹಿನ್ನೆಲೆ. ಚಳಿಗಾಲದಲ್ಲೂ ಹಸಿರು ಬಿಡದ ಪೈನ್ ಮರವೂ ದೀರ್ಘಾಯುಷ್ಯದ್ದೇ ಸಂಕೇತ. ಎರಡನ್ನೂ ಒಂದೆಡೆ ತಂದಾಗ ಅರ್ಥ ಇಮ್ಮಡಿಯಾಗುತ್ತದೆ, ಅದಕ್ಕಾಗಿಯೇ ಹಿಡಿತಕ್ಕೆ ಹಿಂಬೆರಳು ಸಾಲದ ಹಕ್ಕಿ ಮರ ಹತ್ತಬೇಕಾಯಿತು. ಅಲ್ಲಿ ಚಿತ್ರಕಾರ ಬರೆಯುತ್ತಿದ್ದುದು ಹಕ್ಕಿಯ ಬದುಕನ್ನಲ್ಲ, ಕೊಂಡವನ ಹಾರೈಕೆಯನ್ನು. ಆದರೆ ಪಕ್ಕದಲ್ಲಿ ಮರಿಗಳನ್ನು ತಂದಿಟ್ಟರೆ ಅದೇ ಕ್ರೌಂಚ ತಾಯ್ತನದ ಹಕ್ಕಿ. ಕಾಡುಕಿಚ್ಚಿನಲ್ಲಿ ಮರಿಗಳಿಗಾಗಿ ಮರಳುವ ಫೆಸೆಂಟ್, ಚಳಿಯ ರಾತ್ರಿ ಮರಿಗಳನ್ನು ರೆಕ್ಕೆಯಡಿ ಮುಚ್ಚುವ ಕ್ರೌಂಚ ಎಂದು ಇವೆರಡನ್ನೂ ಒಟ್ಟಿಗೆ ಹೇಳುವ ಗಾದೆಯೇ ಇದೆ. ಇನ್ನು ಬಿದಿರು, ಮಂಜುಗಳ ನಡುವೆ ನಿಲ್ಲಿಸಿದರೆ ಅದು ಬೇರೊಂದೇ ಹಕ್ಕಿ. ಹಸೆಗಾವಾ ತೋಹಾಕು (1539–1610) ಬರೆದ ಬಿದಿರು ಮತ್ತು ಕ್ರೌಂಚದ ತೆರೆಗಳು ಟೋಕಿಯೊದ ಇದೆಮಿತ್ಸು ವಸ್ತುಸಂಗ್ರಹಾಲಯದಲ್ಲಿವೆ. ಕ್ಯೋಟೊದ ದೈತೊಕುಜಿ ಮಠದಲ್ಲಿರುವ, 13ನೆಯ ಶತಮಾನದ ಚೀನೀ ಸನ್ಯಾಸಿ ಮೂಚಿಯ ಕ್ರೌಂಚವೇ ಅವಕ್ಕೆ ಮಾದರಿ. ಅಲ್ಲಿ ಸಂಭ್ರಮವಿಲ್ಲ, ಶಾಯಿಯ ತೇವದಲ್ಲಿ ಅರ್ಧ ಕರಗಿದ ಏಕಾಂತವಿದೆ.

ಚಿತ್ರದ ಹೊರಗೆ ಇದೇ ಹಕ್ಕಿಯ ಪಾಡು ಇನ್ನೂ ವಿಚಿತ್ರ. ಷೋಗನ್‌ಗಳು ಆಳುತ್ತಿದ್ದ ಎಡೊ ಕಾಲದಲ್ಲಿ ಸಾಮಾನ್ಯರು ಕ್ರೌಂಚವನ್ನು ಕೊಲ್ಲುವುದಕ್ಕೆ ನಿಷೇಧವಿತ್ತು. ಷೋಗನ್ ಮಾತ್ರ ಚಳಿಗಾಲದಲ್ಲಿ ಗಿಡುಗವನ್ನು ಬಿಟ್ಟು ಕ್ರೌಂಚ ಬೇಟೆಯಾಡಿ, ಹಿಡಿದದ್ದನ್ನು ಕ್ಯೋಟೊದ ಚಕ್ರವರ್ತಿಗೆ ಕಾಣಿಕೆ ಕಳಿಸುತ್ತಿದ್ದ. ಅದರ ಮಾಂಸ ಉನ್ನತ ವರ್ಗದ ಔತಣಕ್ಕೆ ಸಲ್ಲುತ್ತಿತ್ತು. ಅಡುಗೆಮನೆಗೆ ಹೋದ ಹಕ್ಕಿ, ಅದೇ ಮನೆಯ ಹಜಾರದ ತೆರೆಯಲ್ಲಿ ಸಾವಿಲ್ಲದ ಹಕ್ಕಿ. ಇದರಲ್ಲಿ ಆ ಕಾಲದವರಿಗೆ ವಿರೋಧ ಕಂಡಿರಲಾರದು. ಹಕ್ಕಿಯ ದೇಹ ಬೇರೆ, ಪೈನ್ ಮರದ ಪಕ್ಕದಲ್ಲಿ ಅದು ವಹಿಸುವ ಪಾತ್ರ ಬೇರೆ ಎಂಬ ತಿಳಿವು ಅವರಿಗಿತ್ತು.

ಮ್ಯಾಂಡರಿನ್ ಬಾತಿನ ಕತೆಯೂ ಇದಕ್ಕೆ ಪೂರಕ. ಅನ್ಯೋನ್ಯ ದಂಪತಿಗಳನ್ನು ಜಪಾನಿಗರು ಇಂದಿಗೂ ಈ ಬಾತಿನ ಜೋಡಿಗೆ ಹೋಲಿಸುತ್ತಾರೆ. ಪಕ್ಷಿಶಾಸ್ತ್ರ ಹೇಳುವುದೇ ಬೇರೆ: ಹೆಣ್ಣು ಕಾವಿಗೆ ಕೂತ ಮೇಲೆ ಗಂಡು ದೂರವಾಗುತ್ತದೆ, ಮುಂದಿನ ವರ್ಷ ಹೊಸದಾಗಿ ಜೊತೆ ಕೂಡುತ್ತದೆ. ಆದರೆ ಜನ ಅದನ್ನು ಕಾಣುತ್ತಿದ್ದುದು ಯಾವಾಗ? ಬೇಸಿಗೆಯಲ್ಲಿ ಅವು ಕಾಡಿನ ಮರದ ಪೊಟರೆಗಳಲ್ಲಿ ಮರೆಯಾಗಿರುತ್ತವೆ. ಚಳಿಗಾಲದಲ್ಲಿ ಕೊಳಗಳಿಗೆ ಇಳಿಯುವಾಗ ಗಂಡಿಗೆ ಬಣ್ಣದ ಗರಿ ತುಂಬಿರುತ್ತದೆ, ಪಕ್ಕದಲ್ಲಿ ಹೆಣ್ಣು ಇರುತ್ತದೆ. ಹಿಮ ಬಿದ್ದ ದಡ, ತಣ್ಣನೆಯ ನೀರು, ಒತ್ತಿಕೊಂಡು ಕೂತ ಎರಡು ಹಕ್ಕಿ. ತೆರೆಗಳ ಎಡ ತುದಿಯಲ್ಲಿ ಈ ಜೋಡಿ ಬರುವುದು ಆ ಋತುವಿನ ನೋಟದಿಂದ. ನಿಷ್ಠೆಯೆಂಬ ಸಂಕೇತ ಹಕ್ಕಿಯ ಸ್ವಭಾವದಿಂದ ಹುಟ್ಟಲಿಲ್ಲ, ವರ್ಷದ ಒಂದು ಭಾಗದಲ್ಲಿ ಮನುಷ್ಯರು ಅದನ್ನು ಕಂಡ ರೀತಿಯಿಂದ ಹುಟ್ಟಿತು.

ತೆರೆ ಬಿಚ್ಚುವ ಹೊತ್ತು

ಗೋಡೆಚಿತ್ರಕ್ಕೂ ಮಡಿಕೆ ತೆರೆಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ತೆರೆಯನ್ನು ಮಡಿಚಿ ಒಳಗಿಡಬಹುದು. ಯಾವುದನ್ನು, ಯಾವಾಗ, ಯಾರ ಬೆನ್ನಿಗೆ ಬಿಚ್ಚಬೇಕೆಂಬ ಆಯ್ಕೆ ಮನೆಯವರದು. ಹಾಗಾಗಿ ಸಂದರ್ಭವೂ ಚಿತ್ರದ ಭಾಗ. ಹೆರಿಗೆಯ ಕೋಣೆಗೆಂದೇ ಬಿಳಿಯ ತೆರೆಗಳಿದ್ದವು: ಬಿಳಿ ಕಾಗದದ ಮೇಲೆ ಬಿಳಿಯ ಬಣ್ಣದಲ್ಲಿ ಪೈನ್, ಬಿದಿರು, ಕ್ರೌಂಚ, ಆಮೆ. ಬಣ್ಣದ ಮಾತಿರಲಿ, ಕಣ್ಣಿಗೆ ಸರಿಯಾಗಿ ಕಾಣಿಸದಂತೆ ಬರೆದ ಈ ಹಕ್ಕಿಗಳನ್ನು ನೋಡಿ ಮೆಚ್ಚಲೆಂದು ಮಾಡಿದ್ದಲ್ಲ. ಅವು ಅಲ್ಲಿದ್ದರೆ ಸಾಕಿತ್ತು. ಇನ್ನೊಂದು ಕೊನೆಯಲ್ಲಿ, ಸತ್ತವರ ತಲೆದೆಸೆಯಲ್ಲಿ ತೆರೆಯನ್ನು ತಲೆಕೆಳಗಾಗಿ ನಿಲ್ಲಿಸುವ ಪದ್ಧತಿ ಇತ್ತು. ಚಿತ್ರ ಬದಲಾಗದೆಯೂ ತೆರೆ ತಿರುಗಿದ್ದರಿಂದಲೇ ಅರ್ಥ ಬದಲಾಗುತ್ತಿತ್ತು. ಕ್ಯೋಟೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಸೆಶ್ಶುವಿನ ಹೂಹಕ್ಕಿ ತೆರೆಗಳು ಪಶ್ಚಿಮ ಜಪಾನಿನ ಮಸುದಾ ಮನೆತನದಲ್ಲಿ 1483ರ ಉತ್ತರಾಧಿಕಾರದ ಸಮಾರಂಭಕ್ಕೆ ಸಿದ್ಧವಾದವೆಂಬ ಐತಿಹ್ಯವಿದೆ. ಅದನ್ನು ಒಪ್ಪಿದರೆ ಅಲ್ಲಿನ ಪೈನ್ ಮತ್ತು ಕ್ರೌಂಚ ಒಬ್ಬ ವ್ಯಕ್ತಿಯ ಆಯುಷ್ಯಕ್ಕಿಂತ ಮನೆತನದ ಮುಂದುವರಿಕೆಯನ್ನು ಹಾರೈಸುತ್ತವೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗಿಡುಗದ ತೆರೆಗಳಲ್ಲಿ ಋತುವೆಲ್ಲಿ, ಕಾಲವೆಲ್ಲಿ? 16–17ನೆಯ ಶತಮಾನಗಳಲ್ಲಿ ಸೊಗಾ ಚೊಕುಆನ್, ಸೊಗಾ ನಿಚೊಕುಆನ್ ಎಂಬ ಚಿತ್ರಕಾರರು ಗಿಡುಗಗಳಿಗೇ ಹೆಸರಾದರು. ಬೇಟೆಗೆ ಪಳಗಿಸಿದ ಗಿಡುಗವನ್ನು ಅಡ್ಡಗೋಲಿಗೆ ಕಟ್ಟಿ ಕೂರಿಸಿದಂತೆ, ಫಲಕಕ್ಕೊಂದರಂತೆ ಬರೆದ ತೆರೆಗಳು ಆ ಕಾಲದಲ್ಲಿ ಬಹಳ ಇವೆ. ಹೂವಿಲ್ಲ, ಹೊಳೆಯಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ, ಗಿಡುಗ ಕಾಲದ ಮಾತಾಡುವುದಿಲ್ಲ. ಆದರೆ ನೆರೆಯಿಂದ, ಸಂದರ್ಭದಿಂದ ಅರ್ಥ ಹುಟ್ಟುತ್ತದೆಂಬ ಮಾತಿಗೆ ಅದು ಇನ್ನಷ್ಟು ಬಲ ಕೊಡುತ್ತದೆ. ಗಿಡುಗ ಶೌರ್ಯದ ಸಂಕೇತವೆಂದು ಹೇಳಿ ಸುಮ್ಮನಾದರೆ ಅದರ ಕಾಲಿಗೆ ಕಟ್ಟಿದ ಹುರಿಯನ್ನು ಮರೆತಂತೆ. ಬಂಡೆಯ ಮೇಲೆ ಸ್ವತಂತ್ರವಾಗಿ ಕೂತು ಬೇಟೆಯನ್ನು ದಿಟ್ಟಿಸುವ ಗಿಡುಗ ಯೋಧ, ಅಡ್ಡಗೋಲಿನ ಗಿಡುಗ ಯೋಧನ ಸೊತ್ತು. ಗಿಡುಗದ ಬೇಟೆ ಊಳಿಗಮಾನ್ಯ ಪ್ರಭುಗಳ ವಿಶೇಷ ಹಕ್ಕು, ಎಡೊ ಕಾಲದ ಮೊದಲ ಷೋಗನ್ ತೊಕುಗಾವಾ ಇಯೆಯಾಸುವಿನ ಅಚ್ಚುಮೆಚ್ಚಿನ ಹವ್ಯಾಸ. ಒಳ್ಳೆಯ ಗಿಡುಗ ಪ್ರಭುಗಳ ನಡುವೆ ಕಾಣಿಕೆಯಾಗಿ ಓಡಾಡುತ್ತಿತ್ತು. ಅತಿಥಿಗಳು ಕೂರುವ ಕೋಣೆಯಲ್ಲಿ ಹನ್ನೆರಡು ಗಿಡುಗಗಳ ತೆರೆ ಬಿಚ್ಚಿಡುವುದೆಂದರೆ ತನ್ನ ಬಳಿ ಏನಿದೆ, ತನಗೆ ಯಾರ ಒಡನಾಟವಿದೆ ಎಂದು ಹೇಳಿಕೊಂಡಂತೆ.

ಅಲಂಕಾರವೇ, ಎರವಲೇ?

ಎರಡನೆಯ ಆಕ್ಷೇಪ ಹೆಚ್ಚು ತೀಕ್ಷ್ಣವಾದದ್ದು: ಇದೆಲ್ಲ ಪಂಡಿತರು ಆಮೇಲೆ ಕಟ್ಟಿದ ವ್ಯಾಖ್ಯಾನ, ಕೊಂಡವರಿಗೆ ಬೇಕಾಗಿದ್ದುದು ಚಿನ್ನ. 16ನೆಯ ಶತಮಾನದ ಕೊನೆಯಲ್ಲಿ ಓದಾ ನೊಬುನಾಗಾ, ತೊಯೊತೊಮಿ ಹಿದೆಯೊಶಿಯಂಥ ಸೇನಾಧಿಪತಿಗಳು ಕಟ್ಟಿಸಿದ ಕೋಟೆಗಳ ಒಳಕೋಣೆಗಳು ಕತ್ತಲೆಯವು. ಚಿನ್ನದ ರೇಕು ಹೊದಿಸಿದ ತೆರೆಗಳು ಇದ್ದ ಅಷ್ಟಿಷ್ಟು ಬೆಳಕನ್ನೂ ಹಿಡಿದು ಹರಡುತ್ತಿದ್ದವು, ಜೊತೆಗೆ ಒಡೆಯನ ಸಿರಿಯನ್ನೂ ಸಾರುತ್ತಿದ್ದವು. ಕಾನೊ ಮನೆತನದ ಕಾರ್ಯಾಗಾರಗಳಲ್ಲಿ ಮಾದರಿ ನಕ್ಷೆಗಳನ್ನಿಟ್ಟುಕೊಂಡು ಶಿಷ್ಯರು ಅವೇ ಹಕ್ಕಿಗಳನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಇದೆಲ್ಲ ನಿಜ. ಆದರೆ ಅಲಂಕಾರವಷ್ಟೇ ಗುರಿಯಾಗಿದ್ದರೆ ಬಣ್ಣ ಹೊಂದುವ ಯಾವ ಹಕ್ಕಿಯನ್ನು ಯಾವ ಹೂವಿನ ಪಕ್ಕದಲ್ಲಿಟ್ಟರೂ ಆಗುತ್ತಿತ್ತು. ಹಾಗೆ ಮಾಡಲಿಲ್ಲ. ಫೀನಿಕ್ಸ್‌ನಂಥ ಹೊಓ ಹಕ್ಕಿಯನ್ನು ಪಾಲೋನಿಯಾ ಮರದ ಬಳಿ, ಬಿದಿರಿನ ಜೊತೆ ಬರೆಯುವುದು ಕಟ್ಟಳೆ, ಏಕೆಂದರೆ ಅದು ಆ ಮರದಲ್ಲಿ ಮಾತ್ರ ತಂಗುತ್ತದೆ, ಬಿದಿರಕ್ಕಿಯನ್ನಷ್ಟೇ ತಿನ್ನುತ್ತದೆ, ಧರ್ಮಿಷ್ಠ ಅರಸನಿದ್ದಾಗ ಮಾತ್ರ ಕಾಣಿಸಿಕೊಳ್ಳುತ್ತದೆ ಎಂದು ನಂಬಿಕೆ. ಪಾಲೋನಿಯಾ ಹಿದೆಯೊಶಿಯ ಲಾಂಛನವೂ ಹೌದು. ಟೋಕಿಯೊದ ಸನ್ತೊರಿ ವಸ್ತುಸಂಗ್ರಹಾಲಯದಲ್ಲಿರುವ ತಾನ್ಯುವಿನ ಹೊಓ ತೆರೆಗಳನ್ನು ಕಂಡ ಅಂದಿನ ಅತಿಥಿಗೆ ಈ ಮನೆಯ ಆಳ್ವಿಕೆ ಧರ್ಮದ್ದು ಎಂಬ ಮಾತು ಬಾಯಿಬಿಟ್ಟು ಹೇಳದೆಯೇ ತಲುಪುತ್ತಿತ್ತು. ಪುನರಾವರ್ತನೆಯಿಂದ ಸಂಕೇತ ಸವೆಯುತ್ತದೆ ಎನ್ನುವುದು ಸರಿ, ಆದರೆ ಸವೆದ ನಾಣ್ಯವೂ ಚಲಾವಣೆಯಲ್ಲಿರುತ್ತದೆ.

ಮೂರನೆಯದು ಎರವಲಿನ ಪ್ರಶ್ನೆ. ಕ್ರೌಂಚದ ಆಯುಷ್ಯ, ಹೊಓದ ರಾಜಯೋಗ, ಹೆಬ್ಬಾತಿನ ಪತ್ರ ಎಲ್ಲವೂ ಚೀನಾದಿಂದ ಬಂದವು. ನವಿಲಿನ ದಾರಿ ಇನ್ನೂ ಉದ್ದ. ಹಾವಿನ ವಿಷವನ್ನು ಅರಗಿಸಿಕೊಳ್ಳುವ ಹಕ್ಕಿ ಎಂಬ ಭಾರತೀಯ ನಂಬಿಕೆ ಮಹಾಮಾಯೂರಿ ಎಂಬ ಬೌದ್ಧ ದೇವತೆಯಾಗಿ, ಚೀನಾ ದಾಟಿ, ಜಪಾನಿನಲ್ಲಿ ನವಿಲೇರಿದ ಕುಜಾಕು ಮ್ಯೋಓ ಆಯಿತು. ಸಿಲ್ಲಾ ರಾಜ್ಯ 598ರಲ್ಲಿ ಒಂದು ನವಿಲನ್ನು ಕಾಣಿಕೆ ಕೊಟ್ಟಿತೆಂದು ‘ನಿಹೊನ್ ಶೊಕಿ’ ಹೇಳುತ್ತದೆ. ಜಪಾನಿನ ಕಾಡುಗಳಲ್ಲಿಲ್ಲದ ಈ ಹಕ್ಕಿ ತೆರೆಗಳಲ್ಲಿ ಪಿಯೋನಿಯಂಥ ಸಿರಿವಂತ ಹೂಗಳ ಜೊತೆ ದೂರದೇಶದ ವೈಭವವಾಗಿ ನಿಂತಿತು, ದೇವತೆಯ ವಾಹನವಾಗಿ ಅಲ್ಲ. ಎರವಲು ನಿಜ, ಆದರೆ ಎರವಲು ಪಡೆದದ್ದನ್ನು ಎಲ್ಲಿ ಕೂರಿಸಿದರು ಎನ್ನುವುದೇ ಮುಖ್ಯ. ಅಮರರ ವಾಹನವಾಗಿದ್ದ ಕ್ರೌಂಚವನ್ನು ತೈಕಾ ಹತ್ತನೆಯ ತಿಂಗಳ ಸೇವಂತಿಗೆಯ ಪಕ್ಕದಲ್ಲಿಟ್ಟ. ಶೋಸೋಇನ್‌ನ ಫಲಕಗಳಲ್ಲಿ ಚೀನೀ ಹೆಂಗಸಿಗೆ ಜಪಾನೀ ಹಕ್ಕಿಯ ಗರಿ ತೊಡಿಸಿದ ಕುಶಲಕರ್ಮಿ ಮಾಡಿದ್ದೂ ಅದನ್ನೇ.

ಕೊನೆಯ ಆಕ್ಷೇಪ ಸಂಕೇತವೇ ಇಲ್ಲದಂತೆ ಕಾಣುವ ಹಕ್ಕಿಗಳದು. ಅಮೆರಿಕದ ಸಿಯಾಟಲ್ ಕಲಾಸಂಗ್ರಹಾಲಯದಲ್ಲಿ 17ನೆಯ ಶತಮಾನದ ಆರಂಭದ ಜೋಡಿ ತೆರೆಗಳಿವೆ. ಚಿನ್ನದ ನೆಲದ ಮೇಲೆ ಬರೀ ಕಾಗೆಗಳು: ಹಾರುವವು, ಕಚ್ಚಾಡುವವು, ಇಳಿಯುವವು. ಗಿಡವಿಲ್ಲ, ಋತುವಿಲ್ಲ, ಬರೆದವರ ಹೆಸರಿಲ್ಲ. ವಾಷಿಂಗ್ಟನ್‌ನ ಫ್ರೀಯರ್ ಸಂಗ್ರಹದಲ್ಲಿರುವ ಕೋರಿನ್‌ನ ಕ್ರೌಂಚ ತೆರೆಗಳಲ್ಲೂ ಪೈನ್ ಇಲ್ಲ. ಚಿನ್ನದ ನೆಲ, ಬಾಗಿದ ನೀರು, ಎರಡು ಕಡೆಯಿಂದ ಎದುರುಬದುರಾಗಿ ನಡೆದುಬರುವ ಹಕ್ಕಿಗಳ ಸಾಲು. 18ನೆಯ ಶತಮಾನದ ಮರುಯಾಮಾ ಓಕ್ಯೊ ಹಕ್ಕಿಯನ್ನು ಕಂಡಂತೆಯೇ ಬರೆಯಬೇಕೆಂದು ಹಟ ಹಿಡಿದವನು. ಇವರೆಲ್ಲ ಸಂಕೇತದ ಹಂಗು ತೊರೆದರೇ? ಸ್ವಲ್ಪ ಮಟ್ಟಿಗೆ ಹೌದು, ಅದನ್ನು ಒಪ್ಪಲೇಬೇಕು. ನೆರೆಯ ಗಿಡವನ್ನು ಕಿತ್ತುಹಾಕಿದೊಡನೆ ಹಕ್ಕಿಯ ಅರ್ಥ ಸಡಿಲವಾಗಿ ಆಕಾರ, ಲಯ, ಬಣ್ಣಗಳು ಮುಂದೆ ಬರುತ್ತವೆ. ಸಿಯಾಟಲ್‌ನ ಕಾಗೆಗಳನ್ನು ಯಾವ ಒಂದು ಅರ್ಥಕ್ಕೂ ಕಟ್ಟಿಹಾಕಲು ಆಗದಿರುವುದು ಅದಕ್ಕಾಗಿಯೇ. ಆದರೆ ಅರ್ಥ ಸಂಗಾತಿಯಿಂದ ಹುಟ್ಟುವುದಾದರೆ ಸಂಗಾತಿ ಹೋದಾಗ ಅದು ಸಡಿಲವಾಗಲೇಬೇಕು, ಹಕ್ಕಿಯಲ್ಲೇ ಅಡಗಿದ್ದರೆ ಹಾಗಾಗುತ್ತಿರಲಿಲ್ಲ. ಅದೇ ಕಾಗೆಯ ಎದುರು ಬೆಳ್ಳಕ್ಕಿಯನ್ನಿಟ್ಟು ತೋಹಾಕು ಬರೆದ ಜೋಡಿ ತೆರೆಗಳಲ್ಲಿ ಅರ್ಥ ಕೂಡಲೇ ಮರಳುತ್ತದೆ: ಒಂದು ತೆರೆಯಲ್ಲಿ ಕಪ್ಪು, ಇನ್ನೊಂದರಲ್ಲಿ ಬಿಳುಪು, ನಡುವೆ ಇವೆರಡರ ಎದುರಾಟ.

ಇಂದು ಈ ತೆರೆಗಳನ್ನು ಬಹುತೇಕ ನಾವು ನೋಡುವುದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ, ಇಲ್ಲವೇ ಪುಸ್ತಕದ ಪುಟದಲ್ಲಿ. ಪುಟದಲ್ಲಿ ಮಡಿಕೆಗಳು ಚಪ್ಪಟೆಯಾಗಿರುತ್ತವೆ, ಗಾಜಿನ ಹಿಂದೆ ಮದುವೆಯೂ ಇಲ್ಲ, ಹೆರಿಗೆಯೂ ಇಲ್ಲ, ಬೆನ್ನು ಕೊಟ್ಟು ಕೂತ ಪ್ರಭುವೂ ಇಲ್ಲ. ಅರ್ಥವನ್ನು ಕಟ್ಟುತ್ತಿದ್ದ ಮೂರು ಸಂಗತಿಗಳಲ್ಲಿ ಎರಡು ಕಳಚಿಬಿದ್ದಾಗ ಉಳಿದ ಹಕ್ಕಿಗೆ ಚೀಟಿ ಅಂಟಿಸಿ ‘ದೀರ್ಘಾಯುಷ್ಯ’ ಎಂದು ಬರೆಯುವುದು ಸುಲಭ. ಆದರೆ ಅರ್ಥ ಹಕ್ಕಿಯೊಳಗೆ ಗಟ್ಟಿಯಾಗಿ ಕೂತಿಲ್ಲ ಎನ್ನುವುದಕ್ಕೆ 20ನೆಯ ಶತಮಾನದಲ್ಲೇ ಸಾಕ್ಷಿಯಿದೆ. ಹಿರೋಶಿಮಾದ ಅಣುಬಾಂಬಿನ ವಿಕಿರಣದಿಂದ ರಕ್ತದ ಕ್ಯಾನ್ಸರ್‌ಗೆ ತುತ್ತಾಗಿ 1955ರಲ್ಲಿ ತೀರಿಕೊಂಡ ಬಾಲಕಿ ಸದಾಕೊ ಸಸಾಕಿ, ಆಸ್ಪತ್ರೆಯಲ್ಲಿ ಕಾಗದದ ಕ್ರೌಂಚಗಳನ್ನು ಮಡಿಚುತ್ತಿದ್ದಳು. ಸಾವಿರ ಕ್ರೌಂಚ ಮಡಿಚಿದರೆ ಹರಕೆ ಈಡೇರುತ್ತದೆಂಬ ಹಳೆಯ ನಂಬಿಕೆ ಅವಳದು, ಕೋರಿಕೆ ಆಯುಷ್ಯದ್ದೇ. ಅವಳ ಸಾವಿನ ಬಳಿಕ ಸಹಪಾಠಿಗಳ ಒತ್ತಾಸೆಯಿಂದ 1958ರಲ್ಲಿ ಮಕ್ಕಳ ಶಾಂತಿ ಸ್ಮಾರಕ ಎದ್ದಿತು, ಅಲ್ಲಿಂದೀಚೆಗೆ ಜಗತ್ತಿನ ಮೂಲೆಮೂಲೆಯ ಮಕ್ಕಳಿಗೆ ಕ್ರೌಂಚ ಶಾಂತಿಯ ಹಕ್ಕಿ. ಸೆಶ್ಶುವಾಗಲಿ ಕೋರಿನ್ ಆಗಲಿ ಊಹಿಸಿರದ ಅರ್ಥ ಇದು, ಆದರೆ ಅದು ಹುಟ್ಟಿದ ಬಗೆ ಅವರಿಗೆ ಹೊಸದೆನಿಸುತ್ತಿರಲಿಲ್ಲ. ಆದ್ದರಿಂದ ತೆರೆಯ ಮುಂದೆ ನಿಂತಾಗ ಈ ಹಕ್ಕಿ ಯಾವುದರ ಸಂಕೇತ ಎಂದು ಕೇಳುವುದಕ್ಕಿಂತ, ಇದು ಯಾವ ಗಿಡದ ಪಕ್ಕದಲ್ಲಿದೆ, ವರ್ಷದ ಯಾವ ಮಡಿಕೆಯಲ್ಲಿದೆ, ಯಾರು ಯಾವ ಹೊತ್ತಿಗೆ ಇದನ್ನು ಬಿಚ್ಚುತ್ತಿದ್ದರು ಎಂದು ಕೇಳುವುದು ಲೇಸು. ಮೊದಲ ಪ್ರಶ್ನೆಗೆ ಸಿಗುವುದು ಒಂದು ಪದದ ಉತ್ತರ. ಈ ಮೂರಕ್ಕೆ ಸಿಗುವ ಉತ್ತರದಲ್ಲಿ ಅದನ್ನು ಬರೆಸಿದವರ ಬದುಕು, ಭಯ, ಬಯಕೆಗಳೂ ಸೇರಿರುತ್ತವೆ.